ಪ್ಲಾಸ್ಟಿಕ್ಕಿನ ಕಷಾಯ, ಇಲಿಯ ಜೀವಕೋಶದ ತೀರ್ಪು

‘ಪ್ಲಾಸ್ಟಿಕ್ ಅಕ್ಕಿ’ಯ ವಿಡಿಯೊ ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಮೊಬೈಲುಗಳಲ್ಲಿ ಮತ್ತೆ ಮತ್ತೆ ಸುತ್ತು ಹೊಡೆಯುತ್ತಲೇ ಇರುತ್ತದೆ. ಅನ್ನವನ್ನು ಉಂಡೆ ಕಟ್ಟಿ ನೆಲಕ್ಕೆ ಹೊಡೆಯುತ್ತಾರೆ, ಅದು ಪುಟಿಯುತ್ತದೆ, ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಇದೆ ಎಂದು ತೀರ್ಮಾನವಾಗುತ್ತದೆ. ಬೆಂದ ಪಿಷ್ಟವನ್ನು ಗಟ್ಟಿಯಾಗಿ ಒತ್ತಿದರೆ ಪುಟಿಯುವುದು ಸಹಜ. ಪ್ಲಾಸ್ಟಿಕ್ ಎಂದು ತೋರಿಸುವ, ನೀರಲ್ಲಿ ತೇಲುವ ಕಾಳುಗಳು ಸಾರವರ್ಧಿತ ಅಕ್ಕಿಯವು: ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಮತ್ತೆ ಕಾಳಿನ ಆಕಾರಕ್ಕೆ ಒತ್ತಿ, ನೂರಕ್ಕೆ ಒಂದರಂತೆ ಬೆರೆಸಿದವು. ಇಷ್ಟೆಲ್ಲ ಗಾಬರಿಪಡುವ ಮನೆಗಳಿಗೇ ಸಂಜೆ ಹೋಟೆಲಿನಿಂದ ಕುದಿಯುವ ಸಾಂಬಾರು ತೆಳು ಕವರಿನಲ್ಲಿ ಕಟ್ಟಿಸಿಕೊಂಡು ಬರುತ್ತದೆ. ಹೆದರಬೇಕಾದ ಕಡೆ ಹೆದರದೆ, ಬೇಡದ ಕಡೆ ಹೆದರುತ್ತಿದ್ದೇವೆ ಎಂಬುದೇ ನನ್ನ ಸಂಕಟ.

ಸುಟ್ಟು ವಾಸನೆ ನೋಡಿದರೆ ಪ್ಲಾಸ್ಟಿಕ್ಕಿನ ಗುಣ ತಿಳಿಯುವುದಿಲ್ಲ. ‘ಫುಡ್ ಗ್ರೇಡ್’ ಎಂಬ ಚೀಟಿ ಕಂಡ ಮಾತ್ರಕ್ಕೂ ನಿಶ್ಚಿಂತೆ ಬೇಡ. ಪಾಲಿಥೀನಿನಂಥ ವಸ್ತುವಿನ ಉದ್ದುದ್ದ ಸರಪಣಿ ಅಣುಗಳು ನೀರಿಗೋ ಸಾರಿಗೋ ಕರಗಿ ಬರುವಂಥವಲ್ಲ. ತೊಂದರೆಯೆಲ್ಲ ಸರಪಣಿಗಳ ಸಂದಿಯಲ್ಲಿ ಬಿಡಿಯಾಗಿ ಕುಳಿತ ಸಣ್ಣ ಅಣುಗಳದು: ಪಿವಿಸಿಯಂಥದ್ದು ಮೆತ್ತಗಾಗಲೆಂದು ಹಾಕಿದ ಥ್ಯಾಲೇಟು, ಬಿಸಿಲಿಗೆ ಕೆಡದಿರಲೆಂದು ಸೇರಿಸಿದ ರಾಸಾಯನಿಕ, ಬಣ್ಣ, ಸರಪಣಿಗೆ ಕೂಡಿಕೊಳ್ಳದೆ ಉಳಿದ ಕಚ್ಚಾವಸ್ತು. ಬಿಸಿ, ಎಣ್ಣೆ, ಹುಳಿ ತಾಗಿದರೆ ಇವು ಹೊರಕ್ಕೆ ಇಳಿಯುತ್ತವೆ. ಸಾಂಬಾರಿನಲ್ಲಿ ಮೂರೂ ಇವೆ.

ಆದ್ದರಿಂದ ಪ್ರಯೋಗಾಲಯದಲ್ಲಿ ಮೊದಲು ಮಾಡುವುದು ಪ್ಲಾಸ್ಟಿಕ್ಕಿನ ಕಷಾಯ. ಬೇರು, ಸೊಪ್ಪಿನ ಸತ್ವ ಇಳಿಸಲು ಅಜ್ಜಿ ಬಿಸಿನೀರು ಬಳಸುತ್ತಿದ್ದಳಲ್ಲ, ಇಲ್ಲಿ ನೀರಿನ ಬದಲು ಉಪ್ಪು, ಸಕ್ಕರೆ, ಅಮೈನೊ ಆಮ್ಲ, ಕರುವಿನ ಸೀರಮ್ (ರಕ್ತದಿಂದ ಬೇರ್ಪಡಿಸಿದ ತಿಳಿದ್ರವ) ಇರುವ ದ್ರವ ಬಳಸುತ್ತಾರೆ. ಸೀರಮಿನ ಪ್ರೋಟೀನುಗಳು ನೀರಿಗೆ ಕರಗದ ವಸ್ತುಗಳನ್ನೂ ಎಳೆದುಕೊಳ್ಳುತ್ತವೆ. ಅರ್ಧ ಮಿಲಿಮೀಟರಿಗಿಂತ ತೆಳುವಾದ ಹಾಳೆಯಾದರೆ ಒಂದು ಮಿಲಿಲೀಟರ್ ದ್ರವಕ್ಕೆ 6 ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿ, ನಮ್ಮ ಮೈಯಷ್ಟೇ ಬಿಸಿಯಲ್ಲಿ, ಅಂದರೆ 37 ಡಿಗ್ರಿಯಲ್ಲಿ, 24 ಗಂಟೆ ನೆನೆಸುತ್ತಾರೆ. ಆ ದ್ರವವನ್ನು ಗಾಜಿನಂತೆ ಪಾರದರ್ಶಕವಾದ ತಟ್ಟೆಯ ಪುಟ್ಟ ಗುಳಿಗಳಲ್ಲಿ ಬೆಳೆಸಿದ ಇಲಿಯ ಜೀವಕೋಶಗಳ ಮೇಲೆ ಹಾಕಿ ಒಂದು ದಿನ ಬಿಡುತ್ತಾರೆ.

ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಂಗತಿ ಕಣ್ಣಿಗೇ ಕಾಣುತ್ತದೆ. ಆರೋಗ್ಯವಾಗಿರುವ ಕೋಶಗಳು ಕೈಕಾಲು ಚಾಚಿ ತಳಕ್ಕೆ ಅಂಟಿಕೊಂಡಿರುತ್ತವೆ. ವಿಷ ತಗುಲಿದವು ಮುದುಡಿ, ದುಂಡಗಾಗಿ, ತಳ ಬಿಟ್ಟು ತೇಲುತ್ತವೆ. ಕಣ್ಣಳತೆ ಸಾಲದೆಂದು ಎಂಟಿಟಿ ಎಂಬ ಹಳದಿ ವಸ್ತು ಸೇರಿಸುತ್ತಾರೆ. ಟಿಮ್ ಮಾಸ್ಮನ್ 1983ರಲ್ಲಿ ಪ್ರಕಟಿಸಿದ ವಿಧಾನವಿದು. ಜೀವಂತ ಕೋಶದ ಕಿಣ್ವಗಳು ಮಾತ್ರ ಆ ಹಳದಿಯನ್ನು ನೇರಳೆ ಹರಳಾಗಿಸಬಲ್ಲವು. ಹರಳು ಕರಗಿಸಿ ಬಣ್ಣದ ಗಾಢತೆ ಅಳೆದರೆ ಎಷ್ಟು ಕೋಶ ಉಳಿದಿವೆ ಎಂಬ ಲೆಕ್ಕ ಸಿಗುತ್ತದೆ. ಕಷಾಯ ಸೋಕದ ಕೋಶಗಳಿಗೆ ಹೋಲಿಸಿ ಶೇ. 70ಕ್ಕಿಂತ ಕಡಿಮೆ ಉಳಿದರೆ, ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10993ರ ಐದನೇ ಭಾಗದ ಪ್ರಕಾರ, ಆ ವಸ್ತುವಿಗೆ ಕೋಶ ಕೊಲ್ಲುವ ಗುಣವಿದೆ.

ನನಗೆ ಬಹಳ ಹಿಡಿಸುವುದು ಇದರ ಪ್ರಾಮಾಣಿಕತೆ. ಪ್ರತಿ ಸಲವೂ ಜೊತೆಗೆ ಇನ್ನೆರಡು ತುಂಡು ಪರೀಕ್ಷೆಗೆ ಕೂರುತ್ತವೆ. ಒಂದು ಏನೂ ಮಾಡಬಾರದ ಗಟ್ಟಿ ಪಾಲಿಥೀನ್, ಇನ್ನೊಂದು ಕೋಶಗಳನ್ನು ಕೊಲ್ಲಲೇಬೇಕಾದ, ತವರದ ಸಂಯುಕ್ತ ಬೆರೆಸಿದ ಪಿವಿಸಿ. ಮೊದಲನೆಯದರಲ್ಲಿ ಕೋಶ ಸತ್ತರೂ, ಎರಡನೆಯದರಲ್ಲಿ ಬದುಕಿದರೂ ಇಡೀ ಪ್ರಯೋಗವನ್ನೇ ಕೈಬಿಡಬೇಕು. ಅನ್ನದ ಉಂಡೆ ಎಸೆಯುವವರು ಪಕ್ಕದಲ್ಲಿ ಮನೆಯ ಗದ್ದೆಯ ಅಕ್ಕಿಯ ಉಂಡೆಯನ್ನೂ ಒಮ್ಮೆ ಎಸೆದಿದ್ದರೆ ಆ ವಿಡಿಯೊ ಹುಟ್ಟುತ್ತಲೇ ಇರಲಿಲ್ಲ.

ಈ ಕೋಶಗಳ ಕತೆ ಹೇಳದೆ ಮುಂದೆ ಹೋಗಲಾರೆ. 1940ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಲ್ಟನ್ ಅರ್ಲ್ ಒಂದು ಇಲಿಯ ಚರ್ಮದಡಿಯ ಅಂಗಾಂಶದಿಂದ ಕೋಶಗಳನ್ನು ತೆಗೆದು ಬೆಳೆಸಿದರು. ಒಂದೇ ಕೋಶದಿಂದ ಇಡೀ ಸಂತಾನ ಪಡೆಯುವುದು ಮಾತ್ರ ಆಗ ಯಾರಿಗೂ ಸಾಧ್ಯವಾಗಿರಲಿಲ್ಲ, ಒಂಟಿ ಕೋಶ ಸತ್ತುಹೋಗುತ್ತಿತ್ತು. ಕೋಶವು ತನಗೆ ಬೇಕಾದ ಕೆಲವು ವಸ್ತುಗಳನ್ನು ತಾನೇ ಸುತ್ತಲಿನ ದ್ರವಕ್ಕೆ ಬಿಟ್ಟುಕೊಂಡು ಬದುಕುತ್ತದೆ, ದ್ರವ ಹೆಚ್ಚಿದ್ದರೆ ಅವು ತೆಳುವಾಗಿಬಿಡುತ್ತವೆ. ಕ್ಯಾಥರೀನ್ ಸ್ಯಾನ್‌ಫೋರ್ಡ್ ಕೂದಲೆಳೆಯಂಥ ಗಾಜಿನ ನಳಿಕೆಯೊಳಗೆ ಒಂದೇ ಕೋಶವನ್ನು ಅತ್ಯಲ್ಪ ದ್ರವದೊಂದಿಗೆ ಕೂಡಿಹಾಕಿದರು. ಅದು ಒಡೆದು ಎರಡಾಯಿತು, ನಾಲ್ಕಾಯಿತು. 1948ರಲ್ಲಿ ಹೀಗೆ ಹುಟ್ಟಿದ ವಂಶವೇ ಎಲ್-929. ಇಂದಿಗೂ ಜಗತ್ತಿನಾದ್ಯಂತ ಪ್ಲಾಸ್ಟಿಕ್ ಪರೀಕ್ಷೆಗೆ ಹೆಚ್ಚಾಗಿ ಬಳಸುವುದು ಅದನ್ನೇ. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇಂಥ ಕೋಶಗಳನ್ನು ಕಾಪಿಟ್ಟು ಪ್ರಯೋಗಾಲಯಗಳಿಗೆ ಕೊಡುತ್ತದೆ. ವೈದ್ಯಕೀಯ ಪ್ಲಾಸ್ಟಿಕ್ಕನ್ನು ಮೊಲದ ಸ್ನಾಯುವಿನೊಳಗೆ ಹೂತು ನೋಡುವ ಪದ್ಧತಿಯೂ ಇದೆ. ಮೊದಲೇ ಕೋಶಗಳ ಮೇಲೆ ಪರೀಕ್ಷಿಸಿದರೆ ಅಷ್ಟು ಮೊಲಗಳು ಉಳಿಯುತ್ತವೆ. ಕರುವಿನ ಸೀರಮ್ ಇನ್ನೂ ಕಸಾಯಿಖಾನೆಯಿಂದಲೇ ಬರುತ್ತದೆ ಎಂಬುದನ್ನೂ ಹೇಳಬೇಕು.

ಕೋಶ ಸಾಯದಿದ್ದರೆ ಪ್ಲಾಸ್ಟಿಕ್ ಸುರಕ್ಷಿತ ಎನ್ನಬಹುದೇ? ಇಲ್ಲ. 1980ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಆನಾ ಸೊಟೊ ಮತ್ತು ಕಾರ್ಲೋಸ್ ಸೊನೆನ್‌ಶೈನ್ ಅವರ ತಟ್ಟೆಗಳಲ್ಲಿ ಮನುಷ್ಯರ ಸ್ತನ ಕ್ಯಾನ್ಸರಿನ ಕೋಶಗಳು ತಮ್ಮನ್ನು ಬೆಳೆಸುವ ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ಹಾಕದೆಯೇ ಬೆಳೆಯತೊಡಗಿದವು. ತಿಂಗಳುಗಟ್ಟಲೆ ಹುಡುಕಿದ ಮೇಲೆ ಸಿಕ್ಕ ಕಾರಣ ಪ್ರಯೋಗಾಲಯದ ಪ್ಲಾಸ್ಟಿಕ್ ಕೊಳವೆ. ಅದರಿಂದ ಇಳಿದ ನೊನೈಲ್‌ಫೀನಾಲ್ ಹಾರ್ಮೋನಿನಂತೆ ವರ್ತಿಸಿತ್ತು. 1993ರಲ್ಲಿ ಸ್ಟ್ಯಾನ್‌ಫೋರ್ಡಿನಲ್ಲಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಫ್ಲಾಸ್ಕುಗಳನ್ನು ಆವಿಯಲ್ಲಿ ಕಾಯಿಸಿದಾಗ ಅದರ ಕಚ್ಚಾವಸ್ತುವಾದ ಬಿಸ್ಫೀನಾಲ್-ಎ, ಅಂದರೆ ಬಿಪಿಎ, ಇದೇ ಬಗೆಯಲ್ಲಿ ಸಿಕ್ಕಿಬಿತ್ತು. ಎರಡೂ ಕಡೆ ಕೋಶಗಳೇನೂ ಸಾಯಲಿಲ್ಲ. ಸೊಟೊ ಅವರ ತಟ್ಟೆಯಲ್ಲಂತೂ ಅವು ಹುಲುಸಾಗಿ ಬೆಳೆದದ್ದೇ ಅಪಾಯದ ಸುಳಿವು.

ಆಹಾರದ ಪ್ಯಾಕಿಂಗಿಗೆ ನಮ್ಮ ದೇಶದ ಮುಖ್ಯ ಪರೀಕ್ಷೆ ನೋಡುವುದು ತೂಕವನ್ನು. ಪ್ಲಾಸ್ಟಿಕ್ಕಿನಿಂದ ಒಂದು ಕಿಲೊ ಆಹಾರಕ್ಕೆ 60 ಮಿಲಿಗ್ರಾಂಗಿಂತ ಹೆಚ್ಚು ಇಳಿಯಬಾರದು. ಕೆಲವು ಲೋಹಗಳಿಗೆ ಪ್ರತ್ಯೇಕ ಮಿತಿಯೂ ಇದೆ. ಹಾಗೆ ಇಳಿದದ್ದು ಜೀವಕೋಶಕ್ಕೆ ಏನು ಮಾಡುತ್ತದೆ ಎಂಬುದು ತಕ್ಕಡಿಗೆ ತಿಳಿಯುವುದಿಲ್ಲ. ವೈದ್ಯಕೀಯ ಸಾಧನಗಳಿಗೆ ಇರುವ ಕೋಶ ಪರೀಕ್ಷೆ, ದಿನವೂ ಕುಡಿಯುವ ನೀರಿನ ಕ್ಯಾನಿಗೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರಲ್ಲೂ ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿಗೆ ಹೆದರಿ ಜನ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಿಲ್ಲುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ.

ಆ ಕ್ಯಾನನ್ನು ತಿರುಗಿಸಿ ತಳ ನೋಡಿ. ತ್ರಿಕೋನದೊಳಗೆ 1 ಇದ್ದರೆ ಅದು ಪೆಟ್, ಅದನ್ನು ಬಿಪಿಎಯಿಂದ ಮಾಡುವುದಿಲ್ಲ. 7 ಎಂದರೆ ‘ಇತರೆ’, ಪಾಲಿಕಾರ್ಬೊನೇಟ್ ಆ ಗುಂಪಿನದು. ಅಮೆರಿಕದ ಪೆಟ್ರೀಷಿಯಾ ಹಂಟ್ ಅವರ ಪ್ರಯೋಗಾಲಯದಲ್ಲಿ 1998ರಲ್ಲಿ ಇಲಿಯ ಪಾಲಿಕಾರ್ಬೊನೇಟ್ ಗೂಡುಗಳನ್ನು ತಪ್ಪಿ ಕ್ಷಾರದ ಮಾರ್ಜಕದಿಂದ ತೊಳೆದಾಗ ಬಿಪಿಎ ಇಳಿದು, ಹೆಣ್ಣಿಲಿಗಳ ಅಂಡಾಣುಗಳ ಕ್ರೋಮೊಸೋಮುಗಳೇ ಏರುಪೇರಾಗಿದ್ದವು. ಪಾಲಿಕಾರ್ಬೊನೇಟ್ ಕ್ಯಾನಿಗೆ ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಉಜ್ಜಬೇಡಿ. ತುಂಬಿಸಿ ಬಿಸಿಲಲ್ಲಿ ಇಡಬೇಡಿ. ಗೀರು ಬಿದ್ದು ಮಬ್ಬಾಗಿದ್ದರೆ ಕುಡಿಯುವ ನೀರಿಗೆ ಬೇರೆ ಕ್ಯಾನ್ ತನ್ನಿ, ಹಳೆಯದು ಹೂಗಿಡಕ್ಕೆ ನೀರು ಹಾಕಲು ಆಗುತ್ತದೆ.