ಎಲ್ಲಾ ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಯಾರು ಕೇಳ್ತಾರೆ?

ಪ್ರಶ್ನೆ: ಕಂಪ್ಯೂಟರ್, ಸಾಫ್ಟ್‌ವೇರ್ ತೊಂದರೆಗಳಿಗೆ ದುಡ್ಡು ತಗೊಂಡು ಉತ್ತರ ಕೊಡುವ ವೆಬ್‌ಸೈಟ್ ಶುರು ಮಾಡಬೇಕು ಅಂತಿದ್ದೇನೆ. ಗೂಗಲ್, ಯೂಟ್ಯೂಬ್, ಚಾಟ್‌ಜಿಪಿಟಿ ಇರುವಾಗ ಜನ ನಿಜವಾಗ್ಲೂ ದುಡ್ಡು ಕೊಡ್ತಾರಾ?

ಕೊಡುತ್ತಾರೆ. ಆದರೆ ಕೇಳುವವರು ಕೊಡುತ್ತಾರೆ, ಓದುವವರು ಕೊಡುವುದಿಲ್ಲ. ನಿಮ್ಮ ಲೆಕ್ಕಾಚಾರವೆಲ್ಲ ಇದರ ಮೇಲೆ ನಿಲ್ಲಬೇಕು.

ಓದುವವರಿಂದ ವಸೂಲಿ ಮಾಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಉದಾಹರಣೆ. 1996ರಲ್ಲಿ ಶುರುವಾದ ಈ ಅಮೆರಿಕನ್ ಪ್ರಶ್ನೋತ್ತರ ತಾಣ ಪ್ರೋಗ್ರಾಮರ್‌ಗಳಿಗೆಲ್ಲ ಗೊತ್ತಿತ್ತು. ಗೂಗಲ್‌ನಲ್ಲಿ ಎರರ್ ಸಂದೇಶ ಹುಡುಕಿದರೆ ಅದರ ಪುಟವೇ ಮೇಲೆ ಬರುತ್ತಿತ್ತು. ತೆರೆದರೆ ಪ್ರಶ್ನೆ ಕಾಣುತ್ತದೆ, ಉತ್ತರ ಮಾತ್ರ ಮುಚ್ಚಿರುತ್ತದೆ, ಚಂದಾ ಕಟ್ಟಿ ಅನ್ನುತ್ತದೆ. ಎಷ್ಟೋ ಸಲ ಅದೇ ಪುಟದ ತೀರಾ ಕೆಳಗೆ ಉತ್ತರ ಇರುತ್ತಿತ್ತು, ತಿಳಿದವರು ಅಲ್ಲಿಗೇ ಸ್ಕ್ರೋಲ್ ಮಾಡುತ್ತಿದ್ದರು. ಉತ್ತರ ಬರೆದವರಿಗೆ ಸಿಗುತ್ತಿದ್ದದ್ದು ಬರೀ ಪಾಯಿಂಟ್ಸ್. ಇದರ ಮೇಲಿನ ಸಿಟ್ಟಿನಲ್ಲೇ 2008ರಲ್ಲಿ ಜೆಫ್ ಅಟ್ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ ಸ್ಟ್ಯಾಕ್ ಓವರ್‌ಫ್ಲೋ ತೆರೆದರು. ಅಲ್ಲಿ ಎಲ್ಲ ಉತ್ತರವೂ ಎಲ್ಲರಿಗೂ ಉಚಿತ. ಪ್ರೋಗ್ರಾಮರ್‌ಗಳು ದಂಡು ದಂಡಾಗಿ ಅತ್ತ ಹೋದರು.

ಕೇಳುವವರಿಂದ ದುಡ್ಡು ತೆಗೆದುಕೊಂಡದ್ದು ಗೂಗಲ್ ಆನ್ಸರ್ಸ್. 2002ರಲ್ಲಿ ಶುರುವಾಗಿ 2006ರ ಕೊನೆಗೆ ನಿಂತುಹೋಯಿತು. ನಿಂತುಹೋದರೂ ಅದರ ಕಟ್ಟುಪಾಡುಗಳನ್ನು ನೀವು ಗಮನವಿಟ್ಟು ನೋಡಬೇಕು. ಪ್ರಶ್ನೆ ಹಾಕುವವರೇ ಬೆಲೆ ಕಟ್ಟುತ್ತಿದ್ದರು, 2 ಡಾಲರ್‌ನಿಂದ 200 ಡಾಲರ್‌ವರೆಗೆ. ಅದರ ಮೇಲೆ 50 ಸೆಂಟ್ ಶುಲ್ಕ. ಉತ್ತರ ಕೊಡಲು ಗೂಗಲ್ ಆರಿಸಿಕೊಂಡ ಸಂಶೋಧಕರಿದ್ದರು. ಅವರಲ್ಲೊಬ್ಬರು ಪ್ರಶ್ನೆಯನ್ನು ಕೈಗೆತ್ತಿಕೊಂಡರೆ ಕೆಲವು ಗಂಟೆ ಅದು ಲಾಕ್ ಆಗುತ್ತಿತ್ತು. ಇಬ್ಬರು ಒಂದೇ ಪ್ರಶ್ನೆಗೆ ದುಡಿದು ಒಬ್ಬರ ಶ್ರಮ ಸುಮ್ನೆ ಹಾಳಾಗಬಾರದಲ್ಲ? ಬೆಲೆಯ ಮುಕ್ಕಾಲು ಪಾಲು ಉತ್ತರಿಸಿದವರಿಗೆ, ಕಾಲು ಪಾಲು ಗೂಗಲ್‌ಗೆ. ಖುಷಿಯಾದರೆ ಟಿಪ್ಸ್ ಕೊಡಬಹುದು, ಸಮಾಧಾನ ಆಗದಿದ್ದರೆ ದುಡ್ಡು ವಾಪಸ್ ಕೇಳಬಹುದು. ಮುಗಿದ ಉತ್ತರವನ್ನು ಮಾತ್ರ ಯಾರು ಬೇಕಾದರೂ ಪುಕ್ಕಟೆ ಓದಬಹುದಿತ್ತು. ಆ ತೆರೆದ ಪುಟಗಳೇ ಹೊಸಬರನ್ನು ಕರೆತರುವ ಜಾಹೀರಾತು.

ನಮ್ಮ ಕಡೆಯ ಒಂದು ಪ್ರಶ್ನೆ ತಗೊಳ್ಳೋಣ. ತಿಂಗಳ 20ನೇ ತಾರೀಖು ರಾತ್ರಿ, ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ಒಂದು ಸಣ್ಣ ಕಂಪನಿಯ ಅಕೌಂಟೆಂಟ್ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಸಾಧನ) ಚುಚ್ಚಿ ಸಹಿ ಹಾಕಲು ಹೋದರೆ, ಸಹಿ ಹಾಕಿಸುವ ಸಾಫ್ಟ್‌ವೇರ್ ಎಮ್‌ಸೈನರ್ ಜತೆ ಸಂಪರ್ಕ ಆಗುತ್ತಿಲ್ಲ ಅಂತ ಪೋರ್ಟಲ್ ಹೇಳುತ್ತದೆ. ಯೂಟ್ಯೂಬ್‌ನಲ್ಲಿ ಇದಕ್ಕೆ ಬೇಕಾದಷ್ಟು ವಿಡಿಯೊಗಳಿವೆ. ಒಂದು ವಿಡಿಯೊ ಎಮ್‌ಸೈನರ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಅನ್ನುತ್ತದೆ, ಇನ್ನೊಂದು ಬ್ರೌಸರ್‌ನಲ್ಲಿ ಸರ್ಟಿಫಿಕೇಟ್ ಒಪ್ಪಿಕೊಳ್ಳಿ ಅನ್ನುತ್ತದೆ, ಮತ್ತೊಂದು ಆಂಟಿವೈರಸ್ ತಡೆಯುತ್ತಿರಬಹುದು ಅನ್ನುತ್ತದೆ. ಮೂರೂ ಸರಿಯೇ. ಅವರ ಕಂಪ್ಯೂಟರಿನಲ್ಲಿ ಯಾವುದು ಅನ್ನುವುದು ಮಾತ್ರ ಗೊತ್ತಿಲ್ಲ. ಒಂದೊಂದೇ ಮಾಡಿ ನೋಡುತ್ತಾ ಕೂರಲು ಹೊತ್ತಿಲ್ಲ. ಸ್ಕ್ರೀನ್‌ಶಾಟ್ ನೋಡಿ ಇದನ್ನು ಮಾಡಿ ಅನ್ನುವವರು ಸಿಕ್ಕರೆ 200 ರೂಪಾಯಿ ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಎಐ ಬಂದ ಮೇಲೆ ಇದು ಇನ್ನೂ ನಿಚ್ಚಳವಾಗಿದೆ. ಪಾಠದ ಪ್ರಶ್ನೆಗಳಿಗೆ ಚಂದಾ ಪಡೆದು ಉತ್ತರ ಕೊಡುವ ಚೆಗ್ ಕಂಪನಿಯ ಷೇರು 2023ರ ಮೇ ತಿಂಗಳಲ್ಲಿ ಒಂದೇ ದಿನ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಚಾಟ್‌ಜಿಪಿಟಿಯಿಂದ ಹೊಸ ಗ್ರಾಹಕರು ಕಡಿಮೆಯಾಗುತ್ತಿದ್ದಾರೆ ಅಂತ ಕಂಪನಿಯೇ ಹೇಳಿತ್ತು. ಪುಸ್ತಕದಲ್ಲಿರುವ ಉತ್ತರಕ್ಕೆ ಈಗ ಬೆಲೆ ಇಲ್ಲ. ನಿಮ್ಮ ಉತ್ತರದಾರರು ಚಾಟ್‌ಬಾಟ್ ಬರೆದದ್ದನ್ನೇ ಅಂಟಿಸಿದರೆ ಆ ದಿನವೇ ಅಂಗಡಿ ಮುಚ್ಚಿದಂತೆ. ಸ್ಟ್ಯಾಕ್ ಓವರ್‌ಫ್ಲೋ 2022ರ ಡಿಸೆಂಬರ್‌ನಲ್ಲೇ ಅಂಥ ಉತ್ತರಗಳನ್ನು ನಿಷೇಧಿಸಿತು, ನೀವೂ ಮೊದಲ ದಿನದಿಂದಲೇ ನಿಷೇಧಿಸಿ.

ದುಡ್ಡಿನ ವಿಷಯ ಚುಟುಕಾಗಿ. ಬೇರೆಯವರಿಂದ ಉತ್ತರ ಕೊಡಿಸಿ ಹಣ ನೀವು ಪಡೆದು ಹಂಚುವುದಾದರೆ, ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ ಅನ್ನುವ ಮಿತಿ ನಂಬಿಕೊಂಡು ಕೂರಬೇಡಿ. ಇ-ಕಾಮರ್ಸ್ ಆಪರೇಟರ್‌ಗಳಿಗೆ, ಅಂದರೆ ಬೇರೆಯವರ ಸರಕು, ಸೇವೆಯನ್ನು ತಮ್ಮ ತಾಣದ ಮೂಲಕ ಮಾರಿಸುವವರಿಗೆ, ನಿಯಮವೇ ಬೇರೆ. ಶುರು ಮಾಡುವ ಮೊದಲು ಆಡಿಟರ್ ಹತ್ತಿರ ಕೂತು ಕೇಳಿ.

ಇನ್ನೊಂದು ವಿಷಯ ನನಗೆ ದುಡ್ಡಿಗಿಂತ ಜಾಸ್ತಿ ಮುಖ್ಯ. ತೊಂದರೆಯಲ್ಲಿರುವವರು ಗಾಬರಿಯಲ್ಲಿ ಏನು ಕೇಳಿದರೂ ಕೊಟ್ಟುಬಿಡುತ್ತಾರೆ. ದೂರದಿಂದಲೇ ಬೇರೆಯವರ ಫೋನ್, ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುವವರ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆದಷ್ಟೂ ಸ್ಕ್ರೀನ್‌ಶಾಟ್‌ನಲ್ಲೇ ಕೆಲಸ ಮುಗಿಸಿ. ಒಟಿಪಿ, ಪಿನ್, ಪಾಸ್‌ವರ್ಡ್ ಕೇಳಿದ ಉತ್ತರದಾರರನ್ನು ಎರಡನೇ ಮಾತಿಲ್ಲದೆ ತೆಗೆದುಹಾಕಿ.

ಸದ್ಯಕ್ಕೆ ವೆಬ್‌ಸೈಟ್ ಕಟ್ಟಿಸಲು ಹೋಗಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಷಯ ಹಿಡಿಯಿರಿ, ಟ್ಯಾಲಿ ಆಗಲಿ, ಎಕ್ಸೆಲ್ ಆಗಲಿ. ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆ, ಯುಪಿಐನಲ್ಲಿ ದುಡ್ಡು, ಉತ್ತರ ಕೊಡುವವರು ನೀವೇ. ತೊಂದರೆ ಸರಿಹೋಗದಿದ್ದರೆ ಅದೇ ದಿನ ದುಡ್ಡು ವಾಪಸ್ ಮಾಡಿ. ಒಮ್ಮೆ ಕೇಳಿದವರು ಮುಂದಿನ ತಿಂಗಳು ಮತ್ತೆ ಬಂದರೆ, ಆಗ ಡೊಮೈನ್ ಹೆಸರು ಕೊಳ್ಳಿ.