ಗುಟ್ಟು ಬಿಟ್ಟುಕೊಡುವುದು ಲಕೋಟೆಯಲ್ಲ, ಒಳಗಿನ ಕಾಗದ

ಐದಾರು ಜನ ಕೆಲಸ ಮಾಡುವ ಬ್ಯಾಂಕ್ ಶಾಖೆಯಿಂದ ಒಳಗಿನ ಅಕ್ರಮದ ಬಗ್ಗೆ ಒಂದು ದೂರು ಹೊರಟರೆ, ಬರೆದವರು ಯಾರೆಂದು ಊಹಿಸಲು ಕೊಡಗಿನ ನಾಪೋಕ್ಲಿನಲ್ಲಾಗಲಿ ಸೋಮವಾರಪೇಟೆಯಲ್ಲಾಗಲಿ ಹೆಚ್ಚು ಹೊತ್ತು ಬೇಕಿಲ್ಲ. "ಮ್ಯಾನೇಜರು ನನ್ನನ್ನು ಕರೆದು ಹೀಗೆ ಹೇಳಿದರು" ಎಂಬ ಒಂದೇ ಸಾಲು ಸಾಕು. ಸಾಕ್ಷಿ ಕೈಯಲ್ಲಿದ್ದೂ ದೂರುಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಮೊದಲು ಅಕ್ರಮ ಹೇಗಿರುತ್ತದೆಂದು ನೋಡೋಣ. ದೊಡ್ಡ ವಂಚನೆಗೆ ಮುಂಚೆ ಸಣ್ಣ ವಾಡಿಕೆಯೊಂದು ಬೇರು ಬಿಟ್ಟಿರುತ್ತದೆ. ಹುತ್ತರಿಗೆ ರಜೆ ಹೋಗುವ ಆಫೀಸರು ತಮ್ಮ ಪಾಸ್‌ವರ್ಡನ್ನು ಕೌಂಟರಿನವರ ಕೈಗೆ ಕೊಟ್ಟು ಹೋಗುತ್ತಾರೆ. ಒಬ್ಬರು ಹಾಕಿದ ಎಂಟ್ರಿಯನ್ನು ಇನ್ನೊಬ್ಬರು ನೋಡಿ ಪಾಸ್ ಮಾಡಬೇಕೆಂಬ ನಿಯಮ ಅಲ್ಲಿಗೆ ಮುಗಿಯಿತು. ಗಿರಾಕಿಗಳು ಕಾಯುತ್ತಿರುತ್ತಾರೆ, ಯಾರಿಗೂ ತಪ್ಪೆನಿಸುವುದಿಲ್ಲ. ಮೂರನೇ ವರ್ಷದ ಹೊತ್ತಿಗೆ "ಎಲ್ಲ ಬ್ರಾಂಚಲ್ಲೂ ಹೀಗೇ" ಎಂಬ ಮಾತು ನಿಯಮದ ಜಾಗದಲ್ಲಿ ಕೂತಿರುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಕಟ್ಟದ ಸಾಲಕ್ಕೆ ಹೊಸ ಸಾಲ ಕೊಟ್ಟು, ಅದೇ ದಿನ ಹಳೆಯದನ್ನು ತೀರಿಸಿದಂತೆ ತೋರಿಸುವುದೂ ಇದೇ ದಾರಿಯದು.

ಕೊಡಗಿನಲ್ಲಿ ಚಿನ್ನದ ಸಾಲಕ್ಕೆ ಹೆಚ್ಚು ಗಮನ ಬೇಕು. ಇಲ್ಲಿನ ಚಿನ್ನದ ಸರ ಜೋಮಾಲೆಯ ಗುಂಡುಗಳು ಟೊಳ್ಳು, ಒಳಗೆ ಅರಗು. ಪತ್ತಾಕ್ ಎಂಬ ಪದಕದ ಸರದಲ್ಲಿ ಕಲ್ಲು. ಸಾಲ ಕೊಡಬೇಕಾದ್ದು ಇವನ್ನೆಲ್ಲ ಕಳೆದ ನಿವ್ವಳ ತೂಕಕ್ಕೆ. ಒಟ್ಟು 40 ಗ್ರಾಂ, ಅರಗು ಮತ್ತು ದಾರ 14 ಗ್ರಾಂ ಎನ್ನೋಣ. ಚೀಟಿಯಲ್ಲಿ 5 ಗ್ರಾಂ ಮಾತ್ರ ಕಳೆದರೆ, ಇಲ್ಲದ 9 ಗ್ರಾಂ ಚಿನ್ನಕ್ಕೆ ದುಡ್ಡು ಹೋಯಿತು. ತೂಗುವ ಅಕ್ಕಸಾಲಿಯೂ ಪಾಸ್ ಮಾಡುವ ಆಫೀಸರೂ ವರ್ಷಾನುಗಟ್ಟಲೆ ಅವರಿಬ್ಬರೇ ಆಗಿದ್ದು, ರಿನ್ಯೂವಲ್ ಸಮಯದಲ್ಲಿ ಒಡವೆಯ ಪ್ಯಾಕೆಟ್ ಬಿಚ್ಚದೆ ಹಳೆಯ ತೂಕವನ್ನೇ ಬರೆದರೆ ಇದು ಹೊರಬೀಳುವುದೇ ಇಲ್ಲ. ಸಂಬಂಧವೇ ಇಲ್ಲದ ಹತ್ತು ಸಾಲಗಾರರ ಬಡ್ಡಿ ಒಂದೇ ಉಳಿತಾಯ ಖಾತೆಯಿಂದ ಕಟ್ಟಾಗುತ್ತಿದ್ದರಂತೂ ಅನುಮಾನಕ್ಕೆ ಬೇರೆ ಕಾರಣ ಬೇಡ. ಸೂಕ್ಷ್ಮ ಹುದ್ದೆಯವರನ್ನು ವರ್ಷಕ್ಕೊಮ್ಮೆ, ಮುನ್ಸೂಚನೆ ಕೊಡದೆ, ಸತತ 10 ಕೆಲಸದ ದಿನವಾದರೂ ರಜೆಯಲ್ಲಿ ಕಳಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರಲ್ಲಿ ಹೇಳಿದ್ದು ಇಂಥದ್ದಕ್ಕೇ. ಕುರ್ಚಿಗೆ ಬೇರೆಯವರು ಬಂದಾಗ ಪ್ಯಾಕೆಟ್ ಬಿಚ್ಚಿಕೊಳ್ಳುತ್ತದೆ.

ಈಗ ಬರೆಯುವ ಕ್ರಮ. ನಿಮಗೊಬ್ಬರಿಗೇ ಗೊತ್ತಿರುವುದನ್ನು ಬಿಡಿ, ದಾಖಲೆಯೇ ಹೇಳುವುದನ್ನು ಬರೆಯಿರಿ. "ಆಫೀಸರು ಪಾಸ್‌ವರ್ಡ್ ಕೊಟ್ಟಿದ್ದು ನೋಡಿದೆ" ಎನ್ನುವ ಬದಲು ಇಂಥ ತಾರೀಖಿಗೆ ರಜೆ ಪುಸ್ತಕದಲ್ಲಿ ಇಂಥವರ ಹೆಸರಿದೆ, ಅದೇ ದಿನ ಇಷ್ಟು ಗಂಟೆಗೆ ಅವರ ಐಡಿಯಿಂದ ಇಂಥ ನಂಬರಿನ ಎಂಟ್ರಿ ಪಾಸಾಗಿದೆ ಎನ್ನಿ. ಯಾವ ಆಡಿಟರಾದರೂ ಕಂಡುಹಿಡಿಯಬಹುದಾದ ಮಾತು ಅದು, ಬೆರಳು ಯಾರ ಕಡೆಗೂ ತಿರುಗುವುದಿಲ್ಲ. ತಾರೀಖು, ವೋಚರ್ ನಂಬರು, ಮೊತ್ತ ಸಾಕು. ಗಿರಾಕಿಗಳ ಪಾಸ್‌ಬುಕ್, ಆಧಾರ್ ಪ್ರತಿಗಳನ್ನು ಫೋನಿನಲ್ಲಿ ಹೊತ್ತೊಯ್ದರೆ ಗೋಪ್ಯತೆ ಮುರಿದ ಆರೋಪ ನಿಮ್ಮ ಮೇಲೇ ಬರುತ್ತದೆ. ವರ್ಗಾವಣೆಯ ಸಿಟ್ಟು, ತಪ್ಪಿದ ಬಡ್ತಿ ದೂರಿನಲ್ಲಿ ಸೇರಲೇಬಾರದು.

ಸರ್ಕಾರಿ ಬ್ಯಾಂಕಾದರೆ ದೂರು ಹೋಗುವುದು ದೆಹಲಿಯ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ, ದೂರು ಕೊಟ್ಟವರ ಹೆಸರು ಗುಟ್ಟಾಗಿಡುವ 2004ರ ಸರ್ಕಾರಿ ನಿರ್ಣಯದಡಿ. ಮುಚ್ಚಿದ ಲಕೋಟೆಯ ಮೇಲೆ ಆ ನಿರ್ಣಯದ ಇಂಗ್ಲಿಷ್ ಹೆಸರಿನ ಚಿಕ್ಕ ರೂಪವಾದ ಪಿಐಡಿಪಿಐ (PIDPI) ಎಂಬುದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ನಿಮ್ಮ ಹೆಸರು, ವಿಳಾಸ ಒಳಗಿರಬೇಕು, ಹೊರಗೆ ಬೇಡ. ಹೆಸರಿಲ್ಲದ ದೂರನ್ನು ಈ ಯೋಜನೆಯಡಿ ತೆಗೆದುಕೊಳ್ಳುವುದಿಲ್ಲ. ಪ್ರತಿಯನ್ನು ಸಂಸದರಿಗೋ ಪತ್ರಿಕೆಗೋ ಕಳಿಸಿದಿರೋ, ರಕ್ಷಣೆ ಕೈಬಿಟ್ಟಂತೆ. ದೂರು ನಿಮ್ಮದೇ ಹೌದೇ ಎಂದು ಕೇಳಿ ಆಯೋಗದಿಂದ ಪತ್ರ ಬರುತ್ತದೆ, ಉತ್ತರ ಕೊಡಲೇಬೇಕು. ಹಾಗಾಗಿ ತೋಟದ ಆಫೀಸಿನ ಟಪಾಲು ಚೀಲಕ್ಕೆ ಬೀಳುವ ವಿಳಾಸ ಕೊಡಬೇಡಿ. ತೋಟದ ಗುಮಾಸ್ತರಾದ ರೈಟರು ಲಕೋಟೆ ತಿರುಗಿಸಿ ನೋಡಿದರೆ ಸಂಜೆಗೆ ಸಂತೆಯಲ್ಲಿ ಸುದ್ದಿ. ಖಾಸಗಿ ಬ್ಯಾಂಕಿನವರಿಗೆ ಇದೇ ಬಗೆಯ, ರಿಸರ್ವ್ ಬ್ಯಾಂಕಿನ 2007ರ ಯೋಜನೆ ಇದೆ. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಪಾಸಾದ ಕಾಯ್ದೆಯನ್ನು ನೆಚ್ಚಿಕೊಳ್ಳಬೇಡಿ, ಅದು ಇನ್ನೂ ಜಾರಿಗೇ ಬಂದಿಲ್ಲ.

ಕಷ್ಟ ಇರುವುದು ಸಹಕಾರಿ ವಲಯದಲ್ಲಿ. ಊರೂರಿನ ವ್ಯವಸಾಯ ಸೇವಾ ಸಹಕಾರ ಸಂಘಗಳಿಗೆ ಮೇಲಿನ ಯಾವ ಯೋಜನೆಯೂ ತಾಗುವುದಿಲ್ಲ. ದೂರು ಹೋಗಬೇಕಾದ್ದು ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ. ಗುಟ್ಟು ಉಳಿಯುವ ಭರವಸೆ ಅಲ್ಲಿಲ್ಲ. ಸಂಘದ ನೌಕರ ಒಬ್ಬನೇ ಎದ್ದು ನಿಲ್ಲುವುದಕ್ಕಿಂತ ಸದಸ್ಯರೇ ಮುಂದೆ ಬಂದರೆ ಮೇಲು. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 64ನೇ ಕಲಮಿನಲ್ಲಿ ವಿಚಾರಣೆಗೆ, 65ರಲ್ಲಿ ಲೆಕ್ಕಪುಸ್ತಕಗಳ ಪರಿಶೀಲನೆಗೆ ಅವಕಾಶವಿದೆ.

ಮಹಾಸಭೆಯಲ್ಲಿ ಒಂದು ಪ್ರಶ್ನೆಯನ್ನಂತೂ ಕೇಳಬಹುದು: ಆಡಿಟರಿಗೆ ಕೊಟ್ಟ ಸಾಲಗಾರರ ಪಟ್ಟಿಯೂ ಕಂಪ್ಯೂಟರಿನಲ್ಲಿರುವ ಪಟ್ಟಿಯೂ ಒಂದೇನಾ? 2019ರಲ್ಲಿ ಕುಸಿದ ಮುಂಬೈಯ ಪಂಜಾಬ್ ಅಂಡ್ ಮಹಾರಾಷ್ಟ್ರ ಕೋ-ಆಪರೇಟಿವ್ ಬ್ಯಾಂಕು, ಒಂದೇ ಗುಂಪಿನ ಸಾಲಗಳನ್ನು 21,000ಕ್ಕೂ ಹೆಚ್ಚು ಸುಳ್ಳು ಖಾತೆಗಳ ಹಿಂದೆ ಅಡಗಿಸಿತ್ತು. ಆ ಖಾತೆಗಳು ಇದ್ದದ್ದು ರಿಸರ್ವ್ ಬ್ಯಾಂಕಿಗೆ ಕೊಟ್ಟ ಪಟ್ಟಿಯಲ್ಲಿ ಮಾತ್ರ.