ದುರ್ಯೋಧನ ನಮ್ಮ ತೋಟಕ್ಕೆ ಬಂದ ಕತೆ

ಮಳೆಗಾಲದಲ್ಲಿ ಶಿರಸಿ ಕಡೆ ಯಕ್ಷಗಾನ ಬಯಲಾಟ ನಿಲ್ಲುತ್ತದೆ, ತಾಳಮದ್ದಲೆ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡು, ಮದ್ದಲೆ, ಉಳಿದಿದ್ದೆಲ್ಲ ಕೂತಲ್ಲೇ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳ ಮಾತು. ಕಳೆದ ವರ್ಷದ ಆಷಾಢದಲ್ಲಿ ಒಂದೇ ವಾರ ಎರಡು ಕೂಟ ಕೇಳಿದೆ. ಒಂದು ಭೀಷ್ಮ ಸೇನಾಧಿಪತ್ಯ, ಇನ್ನೊಂದು ಶಲ್ಯ ಸಾರಥ್ಯ. ಎರಡೂ ಚಿಕ್ಕಂದಿನಿಂದ ಗೊತ್ತಿದ್ದ ಕತೆಗಳೇ. ಆದರೂ ಎರಡನೇ ರಾತ್ರಿ ಮನೆಗೆ ಬರುವಾಗ, ನನ್ನದೇ ತೋಟದ ಒಂದು ಎಡವಟ್ಟು ಥಟ್ಟನೆ ಅರ್ಥವಾಯಿತು. ಎರಡು ಕತೆ ಒಟ್ಟಿಗೆ ಕೇಳಿದ್ದಕ್ಕೇ ಹಾಗಾಯಿತು ಅನ್ನುವುದು ನನ್ನ ಗುಮಾನಿ.

ಕತೆ ನೆನಪಲ್ಲಿ ನಿಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. 1969ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಗಾರ್ಡನ್ ಬವರ್ ಮತ್ತು ಮೈಕಲ್ ಕ್ಲಾರ್ಕ್ ವಿದ್ಯಾರ್ಥಿಗಳಿಗೆ 12 ಪಟ್ಟಿ ಕೊಟ್ಟರು, ಒಂದೊಂದರಲ್ಲಿ 10 ಪದ. ಅರ್ಧ ಜನ ಸುಮ್ನೆ ಕಲಿತರು. ಉಳಿದವರು ಪದಗಳನ್ನು ಪೋಣಿಸಿ ಒಂದೊಂದು ಪುಟ್ಟ ಕತೆ ಕಟ್ಟಿಕೊಂಡರು. ಕೊನೆಯಲ್ಲಿ ಕೇಳಿದಾಗ ಕತೆ ಕಟ್ಟಿದವರಿಗೆ ನೂರಕ್ಕೆ 93 ಪದ ನೆನಪಿತ್ತು, ಸುಮ್ನೆ ಕಲಿತವರಿಗೆ 13.

ಕೆಲಸದ ತರಬೇತಿಗಳಲ್ಲಿ ಕತೆಗೆ ಅಷ್ಟು ಬೆಲೆ ಬಂದಿದ್ದು ಸುಮ್ಮನೆ ಅಲ್ಲ. ನಾನೂ ಅಂಥದ್ದೊಂದರಲ್ಲಿ ಕೂತಿದ್ದೆ. ಮೊಲ ಮತ್ತು ಆಮೆ ಬಂದವು, ಚಪ್ಪಾಳೆ ಬಿತ್ತು, ಉಪ್ಪಿಟ್ಟು ತಿಂದೆವು. ಮಾರನೇ ದಿನ ಎಲ್ಲರೂ ಯಥಾಪ್ರಕಾರ. ಕತೆ ಮಾತ್ರ ಈಗಲೂ ಚೆನ್ನಾಗಿ ನೆನಪಿದೆ!

ನೆನಪಿದ್ದ ಕತೆ ಬೇಕಾದ ಹೊತ್ತಿಗೆ ಕೈಗೆ ಬರುವುದಿಲ್ಲ. 1980ರಲ್ಲಿ ಮೇರಿ ಗಿಕ್ ಮತ್ತು ಕೀತ್ ಹೋಲಿಯೋಕ್ ಇದನ್ನೇ ತೋರಿಸಿದರು. ಅವರ ಒಗಟು ಇದು: ಹೊಟ್ಟೆಯಲ್ಲಿ ಗಡ್ಡೆ ಇದೆ. ಜೋರಾದ ಕಿರಣ ಬಿಟ್ಟರೆ ದಾರಿಯಲ್ಲಿರುವ ಒಳ್ಳೇ ಮಾಂಸವೂ ಸುಡುತ್ತದೆ, ಮೆಲ್ಲಗೆ ಬಿಟ್ಟರೆ ಗಡ್ಡೆ ಸಾಯುವುದಿಲ್ಲ. ಏನು ಮಾಡುವುದು? ನೂರಕ್ಕೆ ಹತ್ತರಷ್ಟು ಜನಕ್ಕೆ ಮಾತ್ರ ಹೊಳೆಯಿತು. ಬೇರೆ ಕೆಲವರಿಗೆ ಮೊದಲೇ ಒಂದು ಕತೆ ಓದಿಸಿದ್ದರು. ಕೋಟೆಗೆ ಹೋಗುವ ದಾರಿಗಳಲ್ಲೆಲ್ಲ ಸ್ಫೋಟಕ ಹೂತಿದ್ದಾರೆ, ದೊಡ್ಡ ದಂಡು ಹೋದರೆ ಸಿಡಿಯುತ್ತದೆ. ಸೇನಾಪತಿ ಸೈನ್ಯವನ್ನು ಸಣ್ಣ ಸಣ್ಣ ತಂಡ ಮಾಡಿ ಎಲ್ಲ ದಾರಿಯಿಂದಲೂ ಒಟ್ಟಿಗೆ ನುಗ್ಗಿಸುತ್ತಾನೆ. ಗಡ್ಡೆಗೂ ಇದೇ ಉಪಾಯ ಅಲ್ವಾ? ಸಣ್ಣ ಕಿರಣಗಳನ್ನು ಸುತ್ತಲಿಂದ ಬಿಟ್ಟರಾಯಿತು. ಆದರೆ ಕತೆ ಓದಿದವರಲ್ಲೂ ನೂರಕ್ಕೆ ಮೂವತ್ತರಷ್ಟು ಜನಕ್ಕೆ ಮಾತ್ರ ಅದು ಹೊಳೆಯಿತು. ‘ಆಗಲೇ ಓದಿದ ಕತೆ ನೆನಪು ಮಾಡಿಕೊಳ್ಳಿ’ ಎಂದು ಹೇಳಿದ ಮೇಲೆ ಮುಕ್ಕಾಲು ಪಾಲು ಜನ ಬಿಡಿಸಿದರು.

ಕತೆ ಎಲ್ಲರ ತಲೆಯಲ್ಲೂ ಇತ್ತು. ಕೋಟೆಯ ಕತೆಯಾಗಿ ಇತ್ತು, ಅಷ್ಟೇ.

ಹಾಗಾದರೆ ಕಿವಿಗೆ ಬಿದ್ದ ಕತೆ ಕೈಗೆ ಹತ್ತುವುದು ಹೇಗೆ? ಎರಡು ಕತೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಕು. ಡೆಡ್ರೆ ಗೆಂಟ್ನರ್ ಮತ್ತು ಜೊತೆಗಾರರು 1999ರಲ್ಲಿ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳಿಗೆ ಚೌಕಾಸಿಯ ಎರಡು ಪ್ರಸಂಗ ಕೊಟ್ಟರು. ಎರಡನ್ನೂ ಬೇರೆ ಬೇರೆಯಾಗಿ ಓದಿದವರಿಗಿಂತ ಹೋಲಿಸಿ ನೋಡಿದವರು ಅದರ ಪಾಠವನ್ನು ಆಮೇಲಿನ ಚೌಕಾಸಿಯಲ್ಲಿ ಬಳಸಿದ್ದು ಸುಮಾರು ಮೂರು ಪಟ್ಟು ಜಾಸ್ತಿ.

ನನ್ನ ಎರಡು ರಾತ್ರಿಗಳಿಗೆ ಬರುತ್ತೇನೆ. ಮೊದಲ ಕೂಟದಲ್ಲಿ ದುರ್ಯೋಧನ ಭೀಷ್ಮನಿಗೆ ಸೇನಾಪತಿ ಪಟ್ಟ ಕಟ್ಟುತ್ತಾನೆ. ಭೀಷ್ಮನ ಕಣ್ಣಿಗೆ ಕರ್ಣ ಅರ್ಧರಥ, ಅಂದರೆ ಅರ್ಧ ವೀರ. ಅವಮಾನವಾದ ಕರ್ಣ, ಮುದುಕ ಬೀಳುವ ತನಕ ಶಸ್ತ್ರ ಮುಟ್ಟುವುದಿಲ್ಲ ಎಂದು ಕೂರುತ್ತಾನೆ. ಅಂಥ ಬಿಲ್ಲುಗಾರ ಹತ್ತು ದಿನ ಬಿಡಾರದಲ್ಲಿ! ಎರಡನೇ ಕೂಟದಲ್ಲಿ ಕರ್ಣನೇ ಸೇನಾಪತಿ. ಅರ್ಜುನನಿಗೆ ಕೃಷ್ಣನಿದ್ದ ಹಾಗೆ ಇವನಿಗೂ ಒಬ್ಬ ಬೇಕು ಎಂದು ದುರ್ಯೋಧನ ಮದ್ರರಾಜ ಶಲ್ಯನನ್ನು ಸಾರಥಿ ಮಾಡುತ್ತಾನೆ. ಕುದುರೆ ವಿದ್ಯೆಯಲ್ಲಿ ಶಲ್ಯ ಯಾರಿಗೂ ಕಡಿಮೆಯಲ್ಲ. ಆದರೆ ದಾರಿಯುದ್ದಕ್ಕೂ ಕರ್ಣನನ್ನೇ ಚುಚ್ಚುತ್ತಾನೆ. ಹಂಸದ ಜೊತೆ ಪಂದ್ಯ ಕಟ್ಟಿದ ಕಾಗೆಯ ಕತೆ ಬೇರೆ ಹೇಳುತ್ತಾನೆ. ಕರ್ಣ ಅದರಿಂದ ಏನೂ ಕಲಿಯಲಿಲ್ಲ, ಸಿಟ್ಟು ಮಾತ್ರ ಏರಿತು. ತರಬೇತಿಯವರು ಈ ಜಾಗವನ್ನು ಗಮನಿಸಬೇಕು.

ಒಂದೊಂದಾಗಿ ಕೇಳಿದಾಗ ಒಂದು ಭೀಷ್ಮನ ಕತೆ, ಇನ್ನೊಂದು ಕರ್ಣನ ಕತೆ. ಪಕ್ಕಪಕ್ಕ ಇಟ್ಟಾಗ ಎರಡೂ ದುರ್ಯೋಧನನ ಕತೆ. ಅವನು ಒಬ್ಬೊಬ್ಬರ ಕಸುಬು ಲೆಕ್ಕ ಹಾಕಿದ. ಇವನಿಗೂ ಅವನಿಗೂ ಆಗಿಬರುತ್ತದಾ ಎಂದು ಯೋಚಿಸಲೇ ಇಲ್ಲ.

ಅದರ ಹಿಂದಿನ ಕೊಯ್ಲಿನಲ್ಲಿ ನಾನು ಮಾಡಿದ್ದೂ ಇದನ್ನೇ. ಅಡಿಕೆ ಕೊಯ್ಯುವಾಗ ಮರ ಹತ್ತುವ ಕೊನೆಗೌಡ ಮೇಲಿಂದ ಕೊನೆಯನ್ನು, ಅಂದರೆ ಅಡಿಕೆ ಗೊನೆಯನ್ನು, ಹಗ್ಗದ ಮೇಲೆ ಬಿಡುತ್ತಾನೆ. ಕೆಳಗಿನವನು ಹಗ್ಗವನ್ನು ಓರೆಯಾಗಿ ಬಿಗಿ ಹಿಡಿದು, ಜಾರಿ ಬಂದ ಕೊನೆಯನ್ನು ಹಿಡಿಯಬೇಕು. ಊರಲ್ಲೇ ಚುರುಕಾದ ಕೊನೆಗೌಡನಿಗೆ, ಊರಲ್ಲೇ ಪಳಗಿದ ಕೈಯನ್ನು ಕೆಳಗೆ ನಿಲ್ಲಿಸಿದೆ. ಇಬ್ಬರಿಗೂ ಮಾತು ಬಿಟ್ಟು ಎರಡು ವರ್ಷ ಆಗಿತ್ತು, ನನಗೂ ಗೊತ್ತಿತ್ತು. ಮೇಲಿನವನು ಕೂ ಹಾಕದೆ ಬಿಟ್ಟ, ಕೆಳಗಿನವನು ಹಗ್ಗ ಸಡಿಲ ಮಾಡಿದ. ಮಧ್ಯಾಹ್ನದ ಹೊತ್ತಿಗೆ ಅಡಿಕೆ ಅರ್ಧ ಕಾಲುವೆಯಲ್ಲಿ, ಅರ್ಧ ಏಲಕ್ಕಿ ಹಿಂಡಿನಲ್ಲಿ. ಆಳುಗಳೇ ಸರಿ ಇಲ್ಲ ಎಂದು ಬೈದುಕೊಂಡು ಹೆಕ್ಕಿದೆ.

ಕೂಟ ಕೇಳಿದ ಮೇಲಿನ ಕೊಯ್ಲಿಗೆ ಕೊನೆಗೌಡನನ್ನೇ ಕೇಳಿದೆ, ಹಗ್ಗಕ್ಕೆ ಯಾರು ಬೇಕೋ? ಅವನು ತನ್ನ ಭಾವನ ಹೆಸರು ಹೇಳಿದ. ಭಾವನಿಗೆ ಈ ಕೆಲಸ ಹೊಸತು. ಮೊದಲ ಮೂರು ಕೊನೆ ನೆಲಕ್ಕೇ ಬಿದ್ದವು. ಮೇಲಿನವನು ನಗುತ್ತಾ, ‘ಇನ್ನೂ ಸ್ವಲ್ಪ ಹಿಂದೆ ನಿಲ್ಲೋ’ ಎಂದು ಕೂಗಿದ.